ಅಜ್ಜಿಯ ಕವಳವೂ ತೈವಾನಿನ ಅಡಿಕೆಯೂ

ಮನೆಯಲ್ಲಿ, ಜಗಲಿಯಲ್ಲಿ ನಡೆಯುವ ವಾದಗಳ ಬಗ್ಗೆ ನೀವು ಬರೆದ ಪತ್ರಗಳಿಗೆ ಇಲ್ಲಿ ಉತ್ತರ ಬರೆಯುತ್ತೇನೆ. ನಾನು 33 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಉತ್ತರ ಸರಿ ಬಂದಿದ್ದರೂ ನಡುವಿನ ಹೆಜ್ಜೆ ತಪ್ಪಿದ್ದರೆ ಪೂರ್ತಿ ಅಂಕ ಕೊಡುತ್ತಿರಲಿಲ್ಲ. ವಾದಗಳನ್ನೂ ಹಾಗೇ ನೋಡುತ್ತೇನೆ.

ಪ್ರಶ್ನೆ: ನೆಗಡಿ ಬಂದಾಗಲೆಲ್ಲ ಶುಂಠಿ, ಮೆಣಸಿನ ಕಷಾಯ ಕುಡಿಯುತ್ತೇನೆ. ನಾಲ್ಕೇ ದಿನದಲ್ಲಿ ಹೋಗುತ್ತದೆ. ನಮ್ಮ ಯಜಮಾನರು ‘ಕುಡಿಯದಿದ್ದರೂ ಹೋಗ್ತಿತ್ತು, ಸುಮ್ನೆ ಶುಂಠಿ ದಂಡ’ ಅಂತಾರೆ. ಯಾರ ಮಾತು ಸರಿ ಮೇಡಂ? (ಮಂಡ್ಯ)

ಕಷಾಯ ಕುಡಿಯುವುದು ಯಾವ ದಿನ ಅಂತ ನೆನಪು ಮಾಡಿಕೊಳ್ಳಿ. ಮೊದಲ ಸೀನಿಗೇ ಯಾರೂ ಒಲೆ ಹಚ್ಚುವುದಿಲ್ಲ. ಎರಡನೇ ದಿನವೋ ಮೂರನೇ ದಿನವೋ, ಮೂಗು ಕಟ್ಟಿ ತಲೆ ಭಾರವಾದ ಮೇಲೆ ಅಲ್ವಾ? ಮಾಮೂಲಿ ನೆಗಡಿ ಅತಿ ಜೋರಾಗಿರುವುದೂ ಆಗಲೇ. ಆಮೇಲೆ ಅದು ತಾನಾಗಿ ಇಳಿಯುತ್ತದೆ. ಹೆಚ್ಚಿನವರಿಗೆ ಏಳರಿಂದ ಹತ್ತು ದಿನದಲ್ಲಿ ಹೋಗುತ್ತದೆ. ಆ ಹೊತ್ತಿಗೆ ನೀವು ಬರೀ ಬಿಸಿನೀರು ಕುಡಿದಿದ್ದರೂ ಅದಕ್ಕೇ ಗುಣವಾಯಿತು ಅನ್ನಿಸುತ್ತಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಹಾಗೆ.

ಆದರೆ ಯಜಮಾನರೂ ‘ದಂಡ’ ಅಂದು ಒಂದು ಹೆಜ್ಜೆ ಜಾಸ್ತಿ ಇಟ್ಟರು. ನೆಗಡಿ ತಾನಾಗಿ ಹೋಗುತ್ತದೆ ಅಂದ ಮಾತ್ರಕ್ಕೆ ಆ ನಾಲ್ಕು ದಿನ ನಿಮ್ಮ ಗಂಟಲಿಗೆ ಹಿತ ಸಿಗಲಿಲ್ಲ ಅಂತ ಆಗುವುದಿಲ್ಲ. ಕಷಾಯ ಕುಡಿಯಿರಿ.

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗಳು ‘ಎಲ್ಲರ ಹತ್ರನೂ ಫೋನ್ ಇದೆ, ನನಗೂ ಬೇಕು’ ಅಂತ ಹಟ ಹಿಡಿದಿದ್ದಾಳೆ. ‘ನಾವು ಫೋನ್ ಇಲ್ಲದೇ ಓದಲಿಲ್ವಾ’ ಅಂದರೆ ಎದ್ದು ಹೋಗುತ್ತಾಳೆ. (ದಾವಣಗೆರೆ)

ಫೋನ್ ಇರುವವರ ಹೆಸರು ಬರೆಯಲು ಹೇಳಿ. ಸೋಲಿಸುವುದಕ್ಕಲ್ಲ, ತಿಳಿಯುವುದಕ್ಕೆ. ಫೋನ್ ಇದ್ದವರು ಕಣ್ಣಿಗೆ ಬೀಳುತ್ತಾರೆ, ಇಲ್ಲದವರು ಸುಮ್ಮನಿರುತ್ತಾರೆ. ಹಾಗಾಗಿ ‘ಎಲ್ಲರೂ’ ಅನ್ನುವ ಮಾತು ಅವಳಿಗೆ ನಿಜವೆಂದೇ ಕಂಡಿರುತ್ತದೆ. ಹಾಗೆಯೇ, ಹೋಮ್‌ವರ್ಕ್ ವಾಟ್ಸಾಪ್‌ನಲ್ಲಿ ಬರುತ್ತಿದೆಯಾ ಅಂತಲೂ ಕೇಳಿ. ಬರುತ್ತಿದ್ದರೆ ಅದು ಗಟ್ಟಿ ಕಾರಣ, ಅದಕ್ಕೊಂದು ದಾರಿ ಹುಡುಕಲೇಬೇಕು.

ನಿಮ್ಮ ಮಾತನ್ನೂ ನೋಡೋಣ. ನೀವು ಓದುವಾಗ ಯಾರ ಹತ್ತಿರವೂ ಫೋನ್ ಇರಲಿಲ್ಲ, ಶಾಲೆಯೂ ಅದನ್ನು ನೆಚ್ಚಿಕೊಂಡಿರಲಿಲ್ಲ. ಅವಳು ಎದ್ದು ಹೋಗುವುದಕ್ಕೆ ಕಾರಣವಿದೆ. ನಿದ್ದೆ ಕೆಡುತ್ತದೆ, ಓದಿನಿಂದ ಗಮನ ತಪ್ಪುತ್ತದೆ ಅನ್ನುವುದು ನಿಮ್ಮ ನಿಜವಾದ ಭಯವಾದರೆ ಅದನ್ನೇ ಹೇಳಿ.

ಪ್ರಶ್ನೆ: ಅಕ್ಕೋರೇ, ನಮ್ಮದು ಅಡಿಕೆ ತೋಟದ ಮನೆ. ನಾನು ಬೆಂಗಳೂರಲ್ಲಿ ಓದುತ್ತಿದ್ದೇನೆ. ಮೊನ್ನೆ ತಿಥಿ ಊಟದ ನಂತರ ಜಗಲಿಯಲ್ಲಿ ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆ ಅಂದೆ. ದೊಡ್ಡಪ್ಪ ಒಂದೇ ಉಸಿರಿಗೆ ಐದು ಮಾತು ಹೇಳಿದರು. ಅಜ್ಜಿ ಎಪ್ಪತ್ತು ವರ್ಷ ಕವಳ (ಎಲೆಯಡಿಕೆ) ಹಾಕಿ 91ಕ್ಕೆ ಹೋದಳು. ದೇವರಿಗೇ ಇಡುವ ವಸ್ತು ಅದು. ಇದೆಲ್ಲ ವಿದೇಶಿ ಕಂಪನಿಗಳ ಹುನ್ನಾರ. ಲಕ್ಷಾಂತರ ಜನ ಇದರಲ್ಲೇ ಬದುಕುತ್ತಿದ್ದಾರೆ. ಕೆಟ್ಟದ್ದು ಹೊಗೆಸೊಪ್ಪು, ಅಡಿಕೆಯಲ್ಲ. ನನಗೆ ಬಾಯಿ ಕಟ್ಟಿತು. (ಸಿರ್ಸಿ ತಾಲ್ಲೂಕು)

ತಮ್ಮಾ, ನಮ್ಮದೂ ಎರಡು ಎಕರೆ ತೋಟವಿದೆ. ನನ್ನನ್ನು ಓದಿಸಿದ್ದು ಅಡಿಕೆಯ ದುಡ್ಡು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಜ್ಜಿಯ ಮಾತು ಮೊದಲು. ಕವಳ ಹಾಕಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಅಂತ ಯಾರೂ ಹೇಳಿಲ್ಲ. ಬರುವ ಸಾಧ್ಯತೆ ಹೆಚ್ಚುತ್ತದೆ ಅಂದಿದ್ದಾರೆ ಅಷ್ಟೇ. ಒಬ್ಬರು 91 ವರ್ಷ ಬದುಕಿದ್ದು ಆ ಮಾತನ್ನು ಸುಳ್ಳು ಮಾಡುವುದಿಲ್ಲ. ಸಿಗರೇಟು ಸೇದಿ 90 ದಾಟಿದವರೂ ಇದ್ದಾರೆ. ಆದರೆ ಬ್ರಿಟನ್ನಿನಲ್ಲಿ 1951ರಿಂದ 50 ವರ್ಷ 34,000ಕ್ಕೂ ಹೆಚ್ಚು ಗಂಡಸು ವೈದ್ಯರ ಲೆಕ್ಕ ಇಟ್ಟರು. ಸೇದುತ್ತಲೇ ಇದ್ದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲು ಹೋಗಿದ್ದರು. ಒಬ್ಬೊಬ್ಬರನ್ನೇ ನೋಡಿದರೆ ಇದು ಕಾಣುವುದಿಲ್ಲ.

ನನ್ನ ಚಿಕ್ಕಪ್ಪ ಬಾಯಿ ಕ್ಯಾನ್ಸರಿನಿಂದ ಹೋದರು. ಕೊನೆಕೊನೆಗೆ ಗಂಜಿಯೂ ಇಳಿಯುತ್ತಿರಲಿಲ್ಲ. ಆ ದಿನಗಳು ಈಗಲೂ ಕಣ್ಣಿಗೆ ಕಟ್ಟಿವೆ. ಆದರೂ ವಾದದಲ್ಲಿ ಅವರನ್ನು ಸಾಕ್ಷಿಗೆ ಕರೆಯುವುದಿಲ್ಲ. ಅವರು ಕವಳಕ್ಕೆ ಹೊಗೆಸೊಪ್ಪೂ ಹಾಕುತ್ತಿದ್ದರು. ನಿನ್ನ ಅಜ್ಜಿಯೊಬ್ಬಳ ಸಾಕ್ಷ್ಯ ಸಾಲದು ಅಂದ ಮೇಲೆ ನನ್ನ ಚಿಕ್ಕಪ್ಪನೊಬ್ಬರದೂ ಸಾಲದು.

ದೇವರಿಗೆ ಇಡುವ ಮಾತಿಗೆ ಜಾಸ್ತಿ ಹೊತ್ತು ಬೇಡ. ದೇವರ ಮುಂದೆ ಇಡುವುದು ಬೇರೆ, ದಿನಕ್ಕೆ ಹತ್ತು ಸಲ ದವಡೆಯಲ್ಲಿ ಇಟ್ಟುಕೊಳ್ಳುವುದು ಬೇರೆ. ಹುನ್ನಾರದ ಮಾತೂ ಅಷ್ಟೇ. ಹೇಳುವವರಿಗೆ ಲಾಭವಿದ್ದರೆ ಇನ್ನೊಮ್ಮೆ ಪರೀಕ್ಷೆ ಮಾಡಿ ನೋಡಬೇಕು, ನಿಜ. ಆದರೆ ಲಾಭವಿದೆ ಅಂದಕೂಡಲೇ ಮಾತು ಸುಳ್ಳಾಗುವುದಿಲ್ಲ. ಇಲ್ಲವಾದರೆ ಅಡಿಕೆ ಬೆಳೆಯುವ ದೊಡ್ಡಪ್ಪನ ಮಾತನ್ನೂ, ನನ್ನ ಮಾತನ್ನೂ ಕೇಳುವ ಹಾಗಿಲ್ಲ.

ಲಕ್ಷಾಂತರ ಜನರ ಬದುಕು ಅಂದರಲ್ಲ, ಅದು ದೊಡ್ಡ ಮಾತು. ಸುಮ್ಮನೆ ತಳ್ಳಿಹಾಕಬೇಡ. ಅಡಿಕೆಗೆ ಕೊಳೆರೋಗ ಬಂದ ವರ್ಷ ನಮ್ಮ ಮನೆ ಹೇಗಿರುತ್ತಿತ್ತು ಅಂತ ನನಗೆ ಗೊತ್ತು. ಆದರೆ ಆ ಮಾತು ಬೇರೆ ಪ್ರಶ್ನೆಗೆ ಉತ್ತರ. ಅಡಿಕೆ ಬಾಯಿಗೆ ಏನು ಮಾಡುತ್ತದೆ ಅನ್ನುವುದು ಒಂದು ಪ್ರಶ್ನೆ. ಬೆಳೆಗಾರರ ಬಗ್ಗೆ ಸರ್ಕಾರ ಏನು ಮಾಡಬೇಕು ಅನ್ನುವುದು ಇನ್ನೊಂದು. ಜಗಲಿಯಲ್ಲಿ ಇವೆರಡೂ ಕಲಸಿಹೋಗುತ್ತವೆ. ಹಾಗಾಗಿಯೇ ನೀನು ಬಾಯಿಯ ಬಗ್ಗೆ ಮಾತಾಡಿದರೆ ಅವರಿಗೆ ತೋಟ ಕಡಿಯಲು ಹೇಳಿದ ಹಾಗೆ ಕೇಳಿಸುತ್ತದೆ. ಎರಡನೇ ಪ್ರಶ್ನೆಯಲ್ಲಿ ನೀನು ದೊಡ್ಡಪ್ಪನ ಕಡೆಗೇ ಇರಬಹುದು. ನಾನೂ ಇದ್ದೇನೆ. ಅದನ್ನು ಅವರಿಗೆ ಮೊದಲೇ ಹೇಳು.

ಇನ್ನು ಹೊಗೆಸೊಪ್ಪಿನ ಮಾತು. ಐದರಲ್ಲಿ ಇದೇ ಗಟ್ಟಿ. ಎರಡು ವಸ್ತು ಒಟ್ಟಿಗೇ ಬಾಯಿಗೆ ಹೋಗುತ್ತಿದ್ದರೆ ತಪ್ಪು ಯಾವುದರದ್ದು ಅಂತ ಹೇಗೆ ಹೇಳುವುದು? ತಜ್ಞರಿಗೂ ಈ ತೊಡಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯೋನ್‌ನಲ್ಲಿದೆ. ಹೊಗೆಸೊಪ್ಪು ಸೇರಿದ ಕವಳ ಕ್ಯಾನ್ಸರ್ ತರುತ್ತದೆ ಅಂತ ಅದು 1985ರಲ್ಲೇ ಹೇಳಿತು. ಹೊಗೆಸೊಪ್ಪಿಲ್ಲದ ಕವಳದ ಬಗ್ಗೆ ಮಾತ್ರ ಆಧಾರ ಸಾಲದು ಅಂದಿತು. ಅಂದರೆ ಆಗ ದೊಡ್ಡಪ್ಪನ ಮಾತು ನಿಲ್ಲುತ್ತಿತ್ತು.

ಬೇಕಾಗಿದ್ದದ್ದು ಅಡಿಕೆ ಜಗಿದೂ ಹೊಗೆಸೊಪ್ಪು ಹಾಕದ ಜನ. ಅಂಥವರು ತೈವಾನಿನಲ್ಲಿದ್ದರು. ಅಲ್ಲಿನವರು ಸಾಮಾನ್ಯವಾಗಿ ಹೊಗೆಸೊಪ್ಪು ಸೇರಿಸುವುದಿಲ್ಲ. ಅವರಲ್ಲೂ ಬಾಯಿ ಕ್ಯಾನ್ಸರ್ ಹೆಚ್ಚು ಕಂಡಿತು. ಇಂಥ ಆಧಾರಗಳು ಸೇರಿ, 2004ರಲ್ಲಿ ಬಂದ ವರದಿಯಲ್ಲಿ ಅದೇ ಸಂಸ್ಥೆ ಅಡಿಕೆಯನ್ನೂ ಮೊದಲ ಗುಂಪಿಗೆ ಸೇರಿಸಿತು. ಮೊದಲ ಗುಂಪು ಅಂದರೆ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರವಿದೆ ಅಂತ. ಅಪಾಯ ಎಷ್ಟು ಅನ್ನುವುದನ್ನು ಆ ಗುಂಪು ಹೇಳುವುದಿಲ್ಲ. ಸಿಗರೇಟೂ ಅದೇ ಗುಂಪಿನಲ್ಲಿದೆ ಅಂತ ‘ಅಡಿಕೆಯೂ ಸಿಗರೇಟೂ ಒಂದೇ’ ಅಂದು ನೀನೂ ವಾದ ಹಿಗ್ಗಿಸಬೇಡ.

ದೊಡ್ಡಪ್ಪ ಇನ್ನೊಂದು ಕೇಳಬಹುದು. ತೈವಾನಿನವರು ಜಗಿಯುವುದು ಹಸಿ ಕಾಯಿ, ನಮ್ಮದು ಒಣಗಿಸಿದ್ದು ಅಂತ. ಒಳ್ಳೆಯ ಪ್ರಶ್ನೆಯೇ. ಆದರೆ ಒಣ ಅಡಿಕೆ ಜಗಿಯುವ ನಮ್ಮ ದೇಶದಲ್ಲೂ ಕೆನ್ನೆಯ ಒಳಭಾಗ ಬಿಗಿದು ಬಾಯಿ ತೆರೆಯಲಾಗದ ರೋಗ ಚೆನ್ನಾಗಿ ಗೊತ್ತಿರುವಂಥದ್ದು. ಅದಕ್ಕೆ ಮುಖ್ಯ ಕಾರಣ ಅಡಿಕೆಯೇ. ಅದು ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗುತ್ತದೆ.

ಮುಂದಿನ ಸಲ ಊರಿಗೆ ಹೋದಾಗ ವಾದಕ್ಕೆ ಮೊದಲು ಒಂದು ಕೆಲಸ ಮಾಡು. ದೊಡ್ಡಪ್ಪನಿಗೆ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವ ಹಾಗೆ ಬಾಯಲ್ಲಿಡಲು ಹೇಳು. ಹಿಡಿಯದಿದ್ದರೆ, ಇಲ್ಲವೇ ಖಾರ ತಿಂದಾಗ ಬಾಯಿ ಉರಿಯುತ್ತಿದ್ದರೆ, ವಾದ ಅಲ್ಲೇ ಬಿಟ್ಟು ಅವರನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.