ಟೊಮೇಟೊ ಕಾಯಿಯ ಕೆಳಗಡೆ ಕಪ್ಪಾಗುತ್ತಿದೆ, ಯಾವ ಕ್ಯಾಲ್ಸಿಯಂ ಸ್ಪ್ರೇ ಒಳ್ಳೆಯದು?

ಕಾಯಿ ನಿಂಬೆಹಣ್ಣಿನ ಗಾತ್ರಕ್ಕೆ ಬಂದಾಗ, ಹೂವಿದ್ದ ಜಾಗದಲ್ಲಿ ನೀರಲ್ಲಿ ನೆಂದ ಹಾಗೆ ಒಂದು ಚುಕ್ಕೆ. ಆಮೇಲೆ ಕಂದು. ಆಮೇಲೆ ಹಳೇ ಚಪ್ಪಲಿಯ ಚರ್ಮದ ಹಾಗೆ ಕಪ್ಪಗೆ, ಚಪ್ಪಟೆ. ಇದೇ ಅಲ್ವಾ ನಿಮ್ಮದು? ನನ್ನದೂ ಇದೇ ಆಗಿತ್ತು. ಮುಳಬಾಗಿಲು ಕಡೆ ಒಂದೂವರೆ ಎಕರೆ, ಮಲ್ಚಿಂಗ್ ಶೀಟು, ಡ್ರಿಪ್ಪು, ನೀಲಗಿರಿ ಕಡ್ಡಿಗೆ ಕಟ್ಟಿ ಎಬ್ಬಿಸಿದ ಗಿಡ.

ಏಪ್ರಿಲ್‌ನಲ್ಲಿ ಬೋರ್‌ವೆಲ್ ಮೋಟರ್ ಸುಟ್ಟುಹೋಯಿತು. ಮೇಲೆತ್ತಿ, ರಿಪೇರಿ ಮಾಡಿಸಿ, ಮತ್ತೆ ಇಳಿಸುವಷ್ಟರಲ್ಲಿ 8 ದಿನ. ನೀರು ಬಂದ ಖುಷಿಗೆ ರಾತ್ರಿಯೆಲ್ಲ ಬಿಟ್ಟೆ. ಸ್ವಲ್ಪ ದಿನಕ್ಕೆ ಕಪ್ಪು ಶುರು. ಗೊಬ್ಬರದ ಅಂಗಡಿಗೆ ಕಾಯಿ ತಗೊಂಡು ಹೋದೆ. ‘ಗಿಡಕ್ಕೆ ಶಕ್ತಿ ಸಾಲದು ಅಣ್ಣ’ ಅಂದರು. ಒಂದು ಬಾಟಲಿ ಕ್ಯಾಲ್ಸಿಯಂ ಕೊಟ್ಟರು. ಅದು ಹೋಗಲಿ, ನನ್ನನ್ನು ಮುಳುಗಿಸಿದ್ದು ಆ ಬಾಟಲಿಯಲ್ಲ.

ಮುಳುಗಿಸಿದ್ದು ‘ಶಕ್ತಿ ಸಾಲದು’ ಅನ್ನುವ ಮಾತು. ಎಕರೆಗೆ 4 ಕೆ.ಜಿ. 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ, ನೀರಲ್ಲಿ ಕರಗುವ ಗೊಬ್ಬರ) ಕೊಡುತ್ತಿದ್ದವನು ಅವತ್ತು ವೆಂಚುರಿಯಲ್ಲಿ, ಅಂದರೆ ಡ್ರಿಪ್ ನೀರಿಗೆ ಗೊಬ್ಬರ ಎಳೆದು ಬೆರೆಸುವ ಕೊಳವೆಯಲ್ಲಿ, 10 ಕೆ.ಜಿ. ಬಿಟ್ಟೆ. ಒಂದು ದಿನ ಬಿಟ್ಟು ಇನ್ನೊಂದು ಸಲ. ಮಾರನೇ ದಿನ ಮಧ್ಯಾಹ್ನ ನೋಡಿದರೆ ಗಿಡ ತಲೆ ಬಗ್ಗಿಸಿದೆ, ಎಲೆಯ ಅಂಚು ಸುಟ್ಟ ಹಾಗಿದೆ. ಶೀಟು ಎತ್ತಿ ಮಣ್ಣು ಹಿಡಿದೆ. ಉಂಡೆ ಕಟ್ಟುವಷ್ಟು ಹಸಿ! ಇಷ್ಟು ನೀರಿದ್ದೂ ಯಾಕೆ ಬಾಡಿತು?

ಉತ್ತರ ಅಡುಗೆಮನೆಯಲ್ಲಿತ್ತು. ಉಪ್ಪಿನಕಾಯಿಗೆ ಅಂತ ಮಾವಿನಕಾಯಿ ಹೆಚ್ಚಿ ಉಪ್ಪು ಬೆರೆಸಿಟ್ಟಿದ್ದರು. ಬೆಳಗ್ಗೆಗೆ ಹೋಳು ಮುದುಡಿ ಜಾಡಿಯಲ್ಲಿ ನೀರು ನಿಂತಿತ್ತು. ಪಿಯುಸಿ ಓದುವ ಮಗಳು ಅದನ್ನೇ ತೋರಿಸಿ, ‘ಅಪ್ಪಾ, ನೀನು ಬೇರಿಗೆ ಮಾಡಿರೋದೂ ಇದೇ’ ಅಂದಳು. ಬೇರಿನ ಒಂದೊಂದು ಕೋಶಕ್ಕೂ ಒಂದು ಪೊರೆ ಇರುತ್ತದೆ. ಅದು ನೀರನ್ನು ಬಿಡುತ್ತದೆ, ಉಪ್ಪನ್ನು ಸುಲಭಕ್ಕೆ ಬಿಡುವುದಿಲ್ಲ. ನೀರು ಯಾವಾಗಲೂ ಉಪ್ಪು ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ಹೋಗುತ್ತದೆ. ಮಾಮೂಲಾಗಿ ಬೇರಿನ ಒಳಗೇ ಜಾಸ್ತಿ, ಹಾಗಾಗಿ ಮಣ್ಣಿನ ನೀರು ಒಳಗೆ ಬರುತ್ತದೆ. ನಾನು ಹೊರಗಡೆ ಉಪ್ಪು ಏರಿಸಿಬಿಟ್ಟೆ. ಗೊಬ್ಬರವೂ ಉಪ್ಪೇ ಅನ್ನುವುದು ಆವತ್ತಿನವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ಪೊರೆಯಲ್ಲಿ ನೀರಿಗೆಂದೇ ಅಕ್ವಾಪೋರಿನ್ ಅನ್ನುವ ಬಾಗಿಲುಗಳಿವೆಯಂತೆ, ಅದನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತಂತೆ. ಬಾಗಿಲಿದ್ದು ಏನು ಮಾಡೋದು, ನೀರೇ ಒಳಗೆ ಬರಲ್ಲ ಅಂದರೆ?

ಈಗ ನಿಮ್ಮ ಸ್ಪ್ರೇ ವಿಷಯ. ಕೇಳಬೇಕಾದ ಪ್ರಶ್ನೆಯೇ ಅದಲ್ಲ. ಕ್ಯಾಲ್ಸಿಯಂ ಓಡಾಡುವುದು ಕ್ಸೈಲಂ ಅನ್ನುವ ಗಿಡದ ನೀರಿನ ಕೊಳವೆಗಳಲ್ಲಿ, ಬೇರಿಂದ ಮೇಲಕ್ಕೆ, ನೀರಿನ ಜೊತೆ. ಎಲೆಯಿಂದ ಆವಿ ಹೋದಷ್ಟೂ ನೀರು ಆ ಕಡೆಗೇ ಹೋಗುತ್ತದೆ. ಟೊಮೇಟೊ ಕಾಯಿಯ ಸಿಪ್ಪೆಯಲ್ಲಿ ಆವಿ ಹೋಗುವ ರಂಧ್ರಗಳೇ ಇಲ್ಲ. ಅದು ತುಂಬಿಕೊಳ್ಳುವುದು ಹೆಚ್ಚಾಗಿ ಫ್ಲೋಯಂನಲ್ಲಿ, ಅಂದರೆ ಎಲೆಯಲ್ಲಿ ತಯಾರಾದ ಆಹಾರ ಸಾಗಿಸುವ ಇನ್ನೊಂದು ಕೊಳವೆಯಲ್ಲಿ, ಬರುವ ಸಕ್ಕರೆ ನೀರಿನಿಂದ. ಫ್ಲೋಯಂನಲ್ಲಿ ಕ್ಯಾಲ್ಸಿಯಂ ಬರುವುದು ತೀರಾ ಕಡಿಮೆ. ಹಾಗಾಗಿ ನೀರು ಏರುಪೇರಾದರೆ ಇರುವುದನ್ನು ಎಲೆ ತಗೊಳ್ಳುತ್ತದೆ, ಕಾಯಿಯ ತುದಿ ಕೊನೆಯ ಮನೆಯ ನಲ್ಲಿಯ ಹಾಗೆ ಒಣಗುತ್ತದೆ. ಕ್ಯಾಲ್ಸಿಯಂ ಸಾಲದ ಪೊರೆ ಸೋರುತ್ತದೆ, ಕೋಶ ಕುಸಿಯುತ್ತದೆ. ನೀವು ನೋಡುತ್ತಿರುವ ಕಪ್ಪು ಅದೇ. ಎಲೆಗೆ ಹೊಡೆದ ಕ್ಯಾಲ್ಸಿಯಂ ಎಲೆಯಲ್ಲೇ ಉಳಿಯುತ್ತದೆ, ಕಾಯಿಗೆ ಇಳಿಯಲ್ಲ. ಸಾಲದ್ದಕ್ಕೆ ನಾನು ಸುರಿದ ಗೊಬ್ಬರದ ಅಮೋನಿಯಂ, ಪೊಟ್ಯಾಷ್ ಎರಡೂ ಬೇರಿನ ಹತ್ತಿರ ಕ್ಯಾಲ್ಸಿಯಂಗೆ ಅಡ್ಡ ನಿಲ್ಲುತ್ತವೆ.

ಕಪ್ಪಾದ ಕಾಯಿ ಕಿತ್ತುಹಾಕಿ, ಅದು ಸರಿಹೋಗಲ್ಲ. ಗೊಬ್ಬರ ನಿಲ್ಲಿಸಿ, ಬರೀ ನೀರು ಕೊಡಿ. ಮೂರು ದಿನಕ್ಕೊಮ್ಮೆ ರಾತ್ರಿಯೆಲ್ಲ ಬಿಡುವ ಬದಲು ದಿನಾ ಸ್ವಲ್ಪ ಸ್ವಲ್ಪ ಬಿಡಿ. ಮಣ್ಣಲ್ಲೇ ಕ್ಯಾಲ್ಸಿಯಂ ಇಲ್ಲ ಅನ್ನುವ ಅನುಮಾನವಿದ್ದರೆ ಪರೀಕ್ಷೆ ಮಾಡಿಸಿ, ಸುಮ್ನೆ ಬಾಟಲಿ ಕೊಳ್ಳಬೇಡಿ. ಸ್ಪ್ರೇ ಹೊಡೆದೆ, ವಾಸಿಯಾಯಿತು ಅನ್ನುವವರು ಸಿಗುತ್ತಾರೆ. ಅದೇ ವಾರ ನೀರನ್ನೂ ಸರಿ ಮಾಡಿದ್ದರಾ ಅಂತ ಕೇಳಿ ನೋಡಿ.

ನನಗೆ ಮೊದಲ ಮೂರು ಗೊಂಚಲು ಹೋಯಿತು. ನಾಲ್ಕನೆಯದರಿಂದ ಕೋಲಾರದ ಮಂಡಿಗೆ ಬಾಕ್ಸು ಹಾಕಿದೆ. ಕ್ಯಾಲ್ಸಿಯಂ ಬಾಟಲಿ ಮುಕ್ಕಾಲು ಭಾಗ ಇನ್ನೂ ಪಂಪ್‌ಹೌಸಿನಲ್ಲಿದೆ, ಅಷ್ಟೂ ಹೇಳಿದ ಮೇಲೂ ಬೇಕು ಅನ್ನಿಸಿದರೆ ಬಂದು ತಗೊಂಡು ಹೋಗಿ.