ಕೆಂಟಕಿಯ ಮನೆಗೆ ಹೋಗುವ ಮೊದಲು

ಅಕ್ಕ ಎಂದು ಕರೆದಿದ್ದೀಯ, ಆದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ. ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿ (ಸ್ನಾನ, ಊಟದಂಥ ದಿನನಿತ್ಯದ ಕೆಲಸಗಳನ್ನು ರೋಗಿ ಮತ್ತೆ ತಾನೇ ಮಾಡುವಂತೆ ಕಲಿಸುವ ಚಿಕಿತ್ಸೆ) ಓದಿ, ಗಂಡನ ಜೊತೆ ಓಹಾಯೋ ರಾಜ್ಯದ ಸಿನ್ಸಿನಾಟಿಗೆ ಬಂದು, ಈ ವೃತ್ತಿಗೆ ಅಮೆರಿಕದಲ್ಲಿ ಬೇಕಾದ ಎನ್‌ಬಿಸಿಒಟಿ ಪರೀಕ್ಷೆ ಪಾಸಾಗಿ, ಓಹಾಯೋ ಲೈಸೆನ್ಸನ್ನೂ ಪಡೆದಿದ್ದೀಯ. ಅಷ್ಟಕ್ಕೇ ಮೊದಲು ಅಭಿನಂದನೆ. ಈಗ ಕೆಲಸ ಕೊಡುವ ಏಜೆನ್ಸಿಯವರು ‘ರಾಜ್ಯಗಳ ನಡುವೆ ಕಾಂಪ್ಯಾಕ್ಟ್ ಎಂಬ ಒಪ್ಪಂದ ಬಂದಿದೆ, ಒಂದೇ ಲೈಸೆನ್ಸ್ ಸಾಕು, ಪಕ್ಕದ ರಾಜ್ಯ ಕೆಂಟಕಿಯ ಮನೆಗಳಿಗೂ ಹೋಗಿ, ಕ್ಯಾಲಿಫೋರ್ನಿಯಾದ ಒಂದು ಮಗುವನ್ನು ವಿಡಿಯೋದಲ್ಲಿ ನೋಡಿ’ ಎನ್ನುತ್ತಿದ್ದಾರೆ, ಒಪ್ಪಿಕೊಳ್ಳಲೇ ಎಂದು ಕೇಳಿದ್ದೀಯ.

ಕೆಂಟಕಿಗೆ ಹೋಗಬಹುದು, ಆದರೆ ಅಲ್ಲಿನ ಅನುಮತಿಯ ಕಾಗದ ಕೈಗೆ ಬಂದ ಮೇಲೆ. ಕ್ಯಾಲಿಫೋರ್ನಿಯಾದ ಮಗುವನ್ನು ಬಿಟ್ಟುಬಿಡು.

ನಮ್ಮಲ್ಲಿ ಬೆಂಗಳೂರಿನಲ್ಲಿ ಕಲಿತವಳು ಹೊಸೂರಿನಲ್ಲಿ ಕ್ಲಿನಿಕ್ ತೆರೆದರೆ ಗಡಿಯಲ್ಲಿ ಯಾರೂ ತಡೆಯುತ್ತಿರಲಿಲ್ಲ. ನಮ್ಮ ವೃತ್ತಿಗೆ ದೇಶಮಟ್ಟದ ಕಾನೂನು ಬಂದದ್ದೇ 2021ರಲ್ಲಿ. ಇಲ್ಲಿ ಹಾಗಲ್ಲ. ವೃತ್ತಿಯ ಲೈಸೆನ್ಸ್ ರಾಜ್ಯದ ಸ್ವತ್ತು. ಸಿನ್ಸಿನಾಟಿಯಿಂದ ಸೇತುವೆ ದಾಟಿ ಕೆಂಟಕಿಯ ಕೋವಿಂಗ್ಟನ್‌ಗೆ ಕಾಲಿಟ್ಟರೆ ನಿನ್ನ ಓಹಾಯೋ ಲೈಸೆನ್ಸಿಗೆ ಅಲ್ಲಿ ಬೆಲೆಯಿಲ್ಲ. ತಮಾಷೆಯೆಂದರೆ, ಸಿನ್ಸಿನಾಟಿಯ ವಿಮಾನ ನಿಲ್ದಾಣವೇ ಇರುವುದು ಕೆಂಟಕಿಯಲ್ಲಿ. ವಿಮಾನದಲ್ಲಿ ಇಲ್ಲಿಗೇ ಬಂದಿಳಿದಿದ್ದರೆ ಅಮೆರಿಕದ ಈ ಭಾಗದಲ್ಲಿ ನೀನು ಮೊದಲು ತುಳಿದದ್ದು ಆ ನೆಲವನ್ನೇ. ನಾನು ಕಾಂಪ್ಯಾಕ್ಟ್ ಹುಟ್ಟುವ ಮೊದಲೇ ಎರಡೂ ರಾಜ್ಯಗಳ ಲೈಸೆನ್ಸ್ ಬೇರೆ ಬೇರೆಯಾಗಿ ಮಾಡಿಸಿಕೊಂಡವಳು. ಎರಡು ಅರ್ಜಿ, ಎರಡು ಶುಲ್ಕ, ಎರಡು ನವೀಕರಣದ ತಲೆನೋವು.

ಈ ತಲೆನೋವಿಗೆ ಮದ್ದಾಗಿ ಬಂದದ್ದು ಕಾಂಪ್ಯಾಕ್ಟ್, ಅಂದರೆ ರಾಜ್ಯಗಳು ತಮ್ಮತಮ್ಮಲ್ಲೇ ಕಾನೂನಿನ ಮೂಲಕ ಮಾಡಿಕೊಂಡ ಒಪ್ಪಂದ. 2021ರಲ್ಲಿ ಮೊದಲು ಸಹಿ ಹಾಕಿದ್ದು ವರ್ಜೀನಿಯಾ. ಆಮೇಲೆ ಓಹಾಯೋ, ಕೆಂಟಕಿ ಸೇರಿ 30ಕ್ಕೂ ಹೆಚ್ಚು ರಾಜ್ಯಗಳು ಕಾನೂನು ಮಾಡಿದವು. ಆದರೆ ಏಜೆನ್ಸಿಯವರು ನಿನಗೆ ಹೇಳದೆ ಬಿಟ್ಟ ವಿಷಯ ಇದು: ಕಾನೂನು ಮಾಡಿದ ರಾಜ್ಯಗಳೆಲ್ಲ ಒಟ್ಟಿಗೇ ಅನುಮತಿ ಕೊಡಲು ಶುರು ಮಾಡಿಲ್ಲ. ಕಾಂಪ್ಯಾಕ್ಟಿನ ದತ್ತಾಂಶ ವ್ಯವಸ್ಥೆಗೆ ಜೋಡಿಸಿಕೊಳ್ಳಬೇಕು, ಎಫ್‌ಬಿಐ ಬೆರಳಚ್ಚು ತಪಾಸಣೆಗೆ ದಾರಿ ಮಾಡಿಕೊಳ್ಳಬೇಕು. ಒಂದೊಂದು ರಾಜ್ಯ ಒಂದೊಂದು ವೇಗದಲ್ಲಿ ನಡೆಯುತ್ತಿದೆ. ಭೂಪಟದಲ್ಲಿ ಬಣ್ಣ ಬಳಿದಿದ್ದಾರೆಂದು ನಂಬಬೇಡ. ಕಾಂಪ್ಯಾಕ್ಟ್ ಆಯೋಗದ ಜಾಲತಾಣದಲ್ಲಿ ಓಹಾಯೋ ಮತ್ತು ಕೆಂಟಕಿ ಎರಡೂ ಇವತ್ತು ಅನುಮತಿ ಕೊಡುವ ಪಟ್ಟಿಯಲ್ಲಿವೆಯೇ ನೋಡು. ಒಂದು ಹಿಂದೆ ಬಿದ್ದಿದ್ದರೂ ಕೆಂಟಕಿ ಲೈಸೆನ್ಸಿಗೆ ಹಳೆಯ ದಾರಿಯಲ್ಲೇ ಅರ್ಜಿ ಹಾಕು.

ಎರಡೂ ಸಿದ್ಧವಾಗಿದ್ದರೆ ನಿನಗೆ ಸಿಗುವುದು ಇನ್ನೊಂದು ಲೈಸೆನ್ಸ್ ಅಲ್ಲ, ‘ಪ್ರಿವಿಲೇಜ್’ ಎಂಬ ಅನುಮತಿ. ಅದರ ಬೇರು ಓಹಾಯೋದಲ್ಲಿದೆ. ಓಹಾಯೋ ಲೈಸೆನ್ಸಿನ ಅವಧಿ ಮುಗಿದ ದಿನ ಅದೂ ಮುಗಿಯುತ್ತದೆ. ಓಹಾಯೋದಲ್ಲಿ ಶಿಸ್ತುಕ್ರಮವಾಗಿ ಲೈಸೆನ್ಸಿಗೆ ನಿರ್ಬಂಧ ಬಿದ್ದರೆ ಎಲ್ಲ ಕಡೆಯ ಅನುಮತಿಯೂ ಹೋಗುತ್ತದೆ. ಒಳ್ಳೆಯದೂ ಇದೆ: ಮುಂದುವರಿದ ಶಿಕ್ಷಣದ ಗಂಟೆಗಳನ್ನು ಓಹಾಯೋ ಕೇಳಿದಷ್ಟು ಪೂರೈಸಿದರೆ ಸಾಕು.

ಕಾಂಪ್ಯಾಕ್ಟ್ ಹೇಳುವ ‘ತವರು ರಾಜ್ಯ’ ಎಂದರೆ ನೀನು ವಾಸಿಸುವ ರಾಜ್ಯ, ಕೆಲಸ ಕೊಟ್ಟವರ ಕಚೇರಿ ಇರುವ ರಾಜ್ಯವಲ್ಲ. ನಿನ್ನ ಗಂಡನಿಗೆ ನಾಳೆ ಸ್ಯಾನ್ ಹೋಸೆಯಲ್ಲಿ ಕೆಲಸ ಸಿಕ್ಕಿ ಮನೆ ಬದಲಿಸಿದರೆ ಕಾಂಪ್ಯಾಕ್ಟಿನ ಆಸರೆ ಅಲ್ಲಿಗೆ ಮುಗಿಯಿತು, ಏಕೆಂದರೆ ಕ್ಯಾಲಿಫೋರ್ನಿಯಾ ಒಪ್ಪಂದಕ್ಕೆ ಸೇರಿಲ್ಲ. ಆ ಮಗುವಿನ ವಿಷಯದಲ್ಲೂ ಇದೇ ಅಡ್ಡಿ. ವಿಡಿಯೋದಲ್ಲಿ ಚಿಕಿತ್ಸೆ ನಡೆಯುವುದು ನೀನು ಕುಳಿತ ಕುರ್ಚಿಯಲ್ಲಲ್ಲ, ರೋಗಿ ಕುಳಿತ ಜಾಗದಲ್ಲಿ ಎಂದು ಕಾನೂನು ಎಣಿಸುತ್ತದೆ. ಏಜೆನ್ಸಿಯವರು ‘ಬರೀ ವಿಡಿಯೋ ತಾನೆ’ ಎಂದರೆ, ಲಿಖಿತವಾಗಿ ಕೊಡಿ ಎಂದು ಕೇಳು. ಕೊಡುವುದಿಲ್ಲ.

ಸೇತುವೆ ದಾಟಿದ ಮೇಲೆ ಓಹಾಯೋ ನಿಯಮ ಜೊತೆಗೆ ಬರುವುದಿಲ್ಲ. ಕೆಂಟಕಿಯಲ್ಲಿ ಅಲ್ಟ್ರಾಸೌಂಡ್, ವಿದ್ಯುತ್ ಪ್ರಚೋದನೆಯಂಥ ಯಂತ್ರ ಬಳಸಲು ಥೆರಪಿಸ್ಟ್‌ಗೆ ಅಲ್ಲಿನ ಲೈಸೆನ್ಸ್ ಮಂಡಳಿಯ ಪ್ರತ್ಯೇಕ ಅರ್ಹತೆ ಬೇಕು. ಮಣಿಪಾಲದಲ್ಲಿ ಅದನ್ನೆಲ್ಲ ಕಲಿತಿದ್ದೇನೆ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಸಹಾಯಕ ಥೆರಪಿಸ್ಟ್‌ಗಳ ಮೇಲ್ವಿಚಾರಣೆಯ ನಿಯಮವನ್ನೂ ಓದಿಕೋ. ಮೆಡಿಕೇಡ್, ಅಂದರೆ ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ, ಅದರಿಂದ ಹಣ ಪಡೆಯಲು ಬೇಕಾದ ನೋಂದಣಿ ರಾಜ್ಯಕ್ಕೊಂದು. ಕಾಂಪ್ಯಾಕ್ಟ್ ಅದನ್ನು ಮುಟ್ಟುವುದೇ ಇಲ್ಲ. ಅನುಮತಿ ಕೈಯಲ್ಲಿದ್ದೂ ಬಿಲ್ಲು ಪಾಸಾಗದೆ ಕುಳಿತವರನ್ನು ನೋಡಿದ್ದೇನೆ.

ವೀಸಾದ ಮಾತು ಇಲ್ಲೇ ಬರಬೇಕು, ಏಕೆಂದರೆ ನಮ್ಮವರು ಎಡವುವುದು ಇಲ್ಲಿ. ಕೆಂಟಕಿ ನಿನಗೆ ಬಾಗಿಲು ತೆರೆಯಬಹುದು, ಆದರೆ ನಿನ್ನನ್ನು ದುಡಿಯಲು ಬಿಡುವುದು ವಾಷಿಂಗ್ಟನ್ನಿನ ಕೇಂದ್ರ ಸರ್ಕಾರ. ಸದ್ಯ ನಿನ್ನ ಬಳಿ ಎಚ್-4 ಇಎಡಿ, ಅಂದರೆ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವವರ ಸಂಗಾತಿಗೆ ಸಿಗುವ ದುಡಿಮೆಯ ಅನುಮತಿ ಕಾರ್ಡ್ ಇದೆ. ಅದಕ್ಕೆ ಜಾಗದ ಕಟ್ಟಿಲ್ಲ, ಯಾವ ರಾಜ್ಯದಲ್ಲಾದರೂ ದುಡಿಯಬಹುದು. ಕಾರ್ಡಿನ ದಿನಾಂಕ ಒಂದನ್ನೇ ಹದ್ದಿನಂತೆ ಕಾಯಬೇಕು. ಮುಂದೆ ನೀನೇ ಎಚ್-1ಬಿಗೆ ಬದಲಾದರೆ ಕಥೆ ಬೇರೆ. ಅಲ್ಲಿ ಅರ್ಜಿಯಲ್ಲಿ ನಮೂದಾದ ಕೆಲಸದ ಸ್ಥಳವೇ ಮುಖ್ಯ. ಬೇರೆ ಮಹಾನಗರ ವಲಯಕ್ಕೆ ಕಳಿಸಬೇಕೆಂದರೆ ಮಾಲೀಕರು ಸಾಮಾನ್ಯವಾಗಿ ಮೊದಲೇ ತಿದ್ದುಪಡಿ ಅರ್ಜಿ ಹಾಕಬೇಕು. ಹದಿಮೂರು ವಾರಕ್ಕೊಂದು ಊರು ಎನ್ನುವ ‘ಟ್ರಾವೆಲ್’ ಕೆಲಸಕ್ಕೂ ಎಚ್-1ಬಿಗೂ ಹೊಂದುವುದಿಲ್ಲ. ಕಿಸೆಯಲ್ಲಿ 30 ರಾಜ್ಯಗಳ ಅನುಮತಿಯಿದ್ದರೂ ಅಷ್ಟೇ. ಗ್ರೀನ್ ಕಾರ್ಡಿನಲ್ಲೂ ನರ್ಸ್ ಮತ್ತು ಫಿಸಿಯೋಥೆರಪಿಸ್ಟ್‌ಗಳಿಗೆ ‘ಷೆಡ್ಯೂಲ್ ಎ’ ಎಂಬ ಹತ್ತಿರದ ದಾರಿಯಿದೆ, ನಮಗಿಲ್ಲ. ಫಿಸಿಯೋ ಗೆಳತಿಯ ಅನುಭವ ಕೇಳಿ ಲೆಕ್ಕ ಹಾಕಬೇಡ.

ಕೆಲಸ ಹೇಗಿರುತ್ತದೆ ಎಂದೂ ಕೇಳಿದ್ದೀಯ. ಮನೆಭೇಟಿಯ ಕೆಲಸ ನನಗೆ ಇಷ್ಟ. ಬಕೆಟ್ಟು, ಚೊಂಬು, ಸ್ನಾನದ ಮಣೆ ನೋಡಿ ಬೆಳೆದವರು ನಾವು. ಇಲ್ಲಿನ ಮುದುಕರ ದೊಡ್ಡ ಶತ್ರು ಬಾತ್‌ಟಬ್ಬಿನ ಅಂಚು. ಸೊಂಟದ ಕೀಲು ಬದಲಿಸಿಕೊಂಡ ಅಜ್ಜಿ ಆ ಅಂಚಿನಾಚೆ ಕಾಲೆತ್ತಿ ಇಡಲಾರಳು, ಯಾರನ್ನೂ ಕರೆಯಲೂ ಒಲ್ಲಳು. ಅರ್ಧ ಟಬ್ಬಿನೊಳಗೆ, ಅರ್ಧ ಹೊರಗೆ ನಿಲ್ಲುವ ಬೆಂಚೊಂದನ್ನು ತರಿಸಿ, ಅದರ ಮೇಲೆ ಕುಳಿತು ಜಾರಿಕೊಂಡು ಒಳಹೋಗುವುದನ್ನು ಕಲಿಸಿದರೆ ಅವಳು ಮತ್ತೆ ತಾನೇ ಸ್ನಾನ ಮಾಡುತ್ತಾಳೆ. ಕೆಂಟಕಿಯ ಹಳ್ಳಿಮನೆಗಳಲ್ಲಿ ಮಾತು ನಿಧಾನ, ಉಚ್ಚಾರ ಮೊದಮೊದಲು ಅರ್ಥವಾಗದು, ನಾಯಿ ಮಾತ್ರ ಖಂಡಿತ ಇರುತ್ತದೆ. ಹೋಗುವ ಮುಂಚೆ ಫೋನ್ ಮಾಡಿ ಕಟ್ಟಿಹಾಕಿಸು. ವರದಿ ಬರೆಯುವುದನ್ನು ರಾತ್ರಿಗೆ ಉಳಿಸಿಕೊಂಡರೆ ರಾತ್ರಿಯೇ ಉಳಿಯುವುದಿಲ್ಲ, ಪ್ರತಿ ಮನೆಯ ಮುಂದೆ ಕಾರಿನಲ್ಲೇ ಮುಗಿಸು.

ನನ್ನ ಮಾತು ಕೇಳುವುದಾದರೆ ಮೊದಲ ವರ್ಷ ಓಹಾಯೋದಲ್ಲೇ, ಹಿರಿಯ ಥೆರಪಿಸ್ಟ್ ಒಬ್ಬರಾದರೂ ಇರುವ ಪುನರ್ವಸತಿ ಕೇಂದ್ರದಲ್ಲಿ ಸೇರಿಕೋ. ಸಂಬಳ ಸ್ವಲ್ಪ ಕಡಿಮೆ ಇರಬಹುದು, ಇರಲಿ. ಮನೆಭೇಟಿಯಲ್ಲಿ ನಿನ್ನ ಪಕ್ಕದಲ್ಲಿ ಕೇಳಲು ಯಾರೂ ಇರುವುದಿಲ್ಲ.

ತೆರಿಗೆಯ ಬಗ್ಗೆ ಕೇಳಿದ್ದಕ್ಕೆ: ಓಹಾಯೋ ಮತ್ತು ಕೆಂಟಕಿ ನಡುವೆ ಪರಸ್ಪರ ಒಪ್ಪಂದವಿದೆ, ಓಹಾಯೋದಲ್ಲಿ ವಾಸಿಸುವವರು ಕೆಂಟಕಿಯಲ್ಲಿ ಗಳಿಸಿದ ಸಂಬಳಕ್ಕೂ ರಾಜ್ಯ ತೆರಿಗೆಯನ್ನು ಓಹಾಯೋಗೇ ಕಟ್ಟುತ್ತಾರೆ. ಕೆಂಟಕಿಯ ನಗರ, ಕೌಂಟಿಗಳು ಸಂಬಳದಿಂದ ಮುರಿದುಕೊಳ್ಳುವ ಸ್ಥಳೀಯ ತೆರಿಗೆ ಬೇರೆ, ಅದು ತಪ್ಪುವುದಿಲ್ಲ. ಮೊದಲ ವೇತನ ಚೀಟಿ ಬಂದಾಗ ಎರಡನ್ನೂ ಪರಿಶೀಲಿಸು, ಹೆಚ್ಚು ಮುರಿದಿದ್ದರೆ ಆಗಲೇ ಹೇಳು.