ಕ್ಲೈನ್‌ಫೆಲ್ಟರ್ (ಗಂಡಸರಿಗೆ ಒಂದು ಎಕ್ಸ್ ಕ್ರೋಮೋಸೋಮ್ ಜಾಸ್ತಿ ಇರುವ ಸ್ಥಿತಿ) ಇದ್ದರೆ ಆಪರೇಷನ್‌ನಲ್ಲಿ ವೀರ್ಯಾಣು ಸಿಗುತ್ತಾ ಅಂತ ಮೊದಲೇ ಗೊತ್ತಾಗುತ್ತಾ?

ಕ್ಯಾರಿಯೋಟೈಪ್ (ಕ್ರೋಮೋಸೋಮ್ ಪರೀಕ್ಷೆ) 47,ಎಕ್ಸ್‌ಎಕ್ಸ್‌ವೈ, ವೃಷಣ ಸೋತಷ್ಟೂ ಏರುವ ಎಫ್‌ಎಸ್‌ಎಚ್ ಹಾರ್ಮೋನ್ 38, ಇಷ್ಟಿದ್ದರೆ ಮೈಕ್ರೋ-ಟೆಸೆ (ಮೈಕ್ರೋಸ್ಕೋಪ್ ಇಟ್ಟು ವೃಷಣದಿಂದ ವೀರ್ಯಾಣು ಹುಡುಕಿ ತೆಗೆಯುವ ಆಪರೇಷನ್) ಮಾಡಿಸಿದರೂ ದುಡ್ಡು ದಂಡ ಅಂದರು, ನಿಜಾನಾ ಅಂತ ಕೇಳಿದ್ದೀರಿ. ಬರೀ ಆ ನಂಬರ್ ನೋಡಿ ಕೈಬಿಡಬೇಡಿ ಸರ್.

ನಾನು ದಾವಣಗೆರೆಯವನು, ನನಗೂ ಕ್ಲೈನ್‌ಫೆಲ್ಟರ್ ಇದೆ. ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡೆ, ವೀರ್ಯಾಣು ಸಿಗಲಿಲ್ಲ. ಅಲ್ಲಿ ಪರಿಚಯವಾದ ಒಬ್ಬರಿಗೆ ಎಫ್‌ಎಸ್‌ಎಚ್ ನನಗಿಂತ ಜಾಸ್ತಿ, ವೃಷಣ ಇನ್ನೂ ಚಿಕ್ಕವು. ಅವರಿಗೆ ಸಿಕ್ಕಿತು.

ನಮ್ಮಂಥವರ ವೃಷಣದಲ್ಲಿ ವೀರ್ಯಾಣು ತಯಾರಾಗುವ ಸಣ್ಣ ನಾಳಗಳು ಬಹುಪಾಲು ಗಟ್ಟಿಯಾಗಿ ಕೆಲಸ ನಿಲ್ಲಿಸಿರುತ್ತವೆ. ಆದರೂ ಅಲ್ಲಲ್ಲಿ ಒಂದೆರಡು ಕಡೆ ಕೆಲಸ ನಡೆಯುತ್ತಿರಬಹುದು. ಅಂಥ ಕಡೆ ನಾಳಗಳು ದಪ್ಪಗೆ, ಬೆಳ್ಳಗೆ ಇರುತ್ತವೆ, ಡಾಕ್ಟರ್ ಮೈಕ್ರೋಸ್ಕೋಪ್ ಇಟ್ಟು ಹುಡುಕುವುದು ಅವನ್ನೇ. ಎಫ್‌ಎಸ್‌ಎಚ್ ತೋರಿಸುವುದು ಒಟ್ಟು ವೃಷಣದ ಸ್ಥಿತಿ, ಆ ಮೂಲೆಯ ಸುದ್ದಿ ಅದರಲ್ಲಿ ಬರುವುದಿಲ್ಲ. ಚಿತ್ರದುರ್ಗದ ಕಡೆ ಬೋರ್ ಹಾಕಿಸಿದ ಹಾಗೆ, ಕೊರೆದೇ ನೋಡಬೇಕು.

2017ರಲ್ಲಿ ಪ್ರಪಂಚದ 37 ಅಧ್ಯಯನಗಳನ್ನು, ಸುಮಾರು 1,250 ಜನರ ಫಲಿತಾಂಶವನ್ನು ಸೇರಿಸಿ ನೋಡಿದ್ದರು. ನೂರಕ್ಕೆ ಸುಮಾರು 44 ಸಲ ವೀರ್ಯಾಣು ಸಿಕ್ಕಿತ್ತು. ವಯಸ್ಸು, ವೃಷಣದ ಗಾತ್ರ, ಎಫ್‌ಎಸ್‌ಎಚ್, ಎಲ್‌ಎಚ್, ಟೆಸ್ಟೋಸ್ಟೆರಾನ್ ಹಾರ್ಮೋನ್‌ಗಳು, ಯಾವುದಕ್ಕೂ ಇದಕ್ಕೂ ನೇರ ನಂಟು ಕಾಣಲಿಲ್ಲ. ಹಾಗಾಗಿ ನಿಮಗೆ ಯಾರಾದರೂ "ಖಂಡಿತ ಸಿಗುತ್ತೆ" ಅಂದರೂ ನಂಬಬೇಡಿ, "ಖಂಡಿತ ಇಲ್ಲ" ಅಂದರೂ ನಂಬಬೇಡಿ.

ಒಂದು ಮಾತ್ರ ತಪ್ಪದೇ ಹೇಳಿ. ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಅಥವಾ ಜೆಲ್ ತಗೊಳ್ತಿದ್ದರೆ ಅದು ಡಾಕ್ಟರ್‌ಗೆ ಗೊತ್ತಿರಲೇಬೇಕು. ಅಳಿದುಳಿದ ಉತ್ಪತ್ತಿಯನ್ನೂ ಅದು ತಗ್ಗಿಸುತ್ತದೆ. ಸುಮ್ನೆ ನೀವೇ ನಿಲ್ಲಿಸಬೇಡಿ, ಅವರನ್ನೇ ಕೇಳಿ. ರಿಪೋರ್ಟ್‌ನಲ್ಲಿ ಮೊಸಾಯಿಕ್ (ಕೆಲವು ಜೀವಕೋಶಗಳಲ್ಲಿ ಮಾತ್ರ ಆ ಹೆಚ್ಚುವರಿ ಎಕ್ಸ್ ಇರುವುದು) ಅಂತ ಇದೆಯಾ ನೋಡಿ, ಇದ್ದರೆ ಆಸೆ ಸ್ವಲ್ಪ ಜಾಸ್ತಿ. ವೀರ್ಯವನ್ನು ಸೆಂಟ್ರಿಫ್ಯೂಜ್ ಮಾಡಿ, ಅಂದರೆ ಯಂತ್ರದಲ್ಲಿ ಜೋರಾಗಿ ತಿರುಗಿಸಿ ತಳಕ್ಕೆ ಇಳಿದದ್ದರಲ್ಲಿ ಮತ್ತೊಮ್ಮೆ ಹುಡುಕಿಸಿ. ಅಪರೂಪಕ್ಕೆ ಅಲ್ಲೇ ಸಿಕ್ಕಿ ಆಪರೇಷನ್ನೇ ತಪ್ಪುತ್ತದೆ.

ವೀರ್ಯಾಣು ಸಿಕ್ಕರೂ ಮುಂದೆ ಇಕ್ಸಿ ಇದೆ, ಅಂದರೆ ಲ್ಯಾಬ್‌ನಲ್ಲಿ ಒಂದು ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚಿ ಸೇರಿಸುವುದು. ಅಲ್ಲಿ ನಿಮ್ಮ ಹೆಂಡತಿಯ ವಯಸ್ಸು ತುಂಬಾ ಲೆಕ್ಕಕ್ಕೆ ಬರುತ್ತದೆ. ಇದನ್ನು ನಮ್ಮ ಗಂಡಸರು ಯಾಕೋ ಕೇಳುವುದೇ ಇಲ್ಲ.

ಸಿಗದಿದ್ದರೆ ಡೋನರ್ ಬೇಕಾ, ದತ್ತು ತಗೊಳ್ಳೋದಾ ಅಂತ ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಅಂಡಾಣು ತೆಗೆಯುವ ದಿನವೇ ನಿಮ್ಮ ಆಪರೇಷನ್ ಇಟ್ಟರೆ, ಆಸ್ಪತ್ರೆಯವರು ಆ ಪ್ರಶ್ನೆಗೆ ಉತ್ತರ ಅವತ್ತೇ ಕೇಳುತ್ತಾರೆ.